ಬೆಂಚ್ ಪ್ರೆಸ್ 60 ಕಿಲೋದಲ್ಲೇ ನಿಂತಿದೆ, ಮುಂದೆ ಹೋಗುವುದು ಹೇಗೆ?

ಪ್ರಶ್ನೆ: ನನ್ನ ಮನೆ ಪೆರ್ಲದ ಹತ್ತಿರ. ವಯಸ್ಸು 26, ತೂಕ 62 ಕಿಲೋ. ಒಂದು ವರ್ಷದಿಂದ ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುತ್ತೇನೆ. ಮೊದಲ ಆರು ತಿಂಗಳು ಭಾರ ಏರುತ್ತಲೇ ಹೋಯಿತು. ಈಗ ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲೆತ್ತುವುದು) 60 ಕಿಲೋ, ಐದು ರೆಪ್ಸ್, ಅಂದರೆ ಒಂದೇ ಸಮನೆ ಐದು ಸಲ. 65 ಹಾಕಿದರೆ ಎರಡಕ್ಕೇ ಮುಗಿಯಿತು. ಸ್ಕ್ವಾಟ್ (ಭಾರ ಹೊತ್ತು ಕುಳಿತು ಏಳುವುದು) ಕೂಡ 85ರಲ್ಲೇ ಇದೆ. ಮನೆಯಲ್ಲಿ ಅಡಿಕೆ ತೋಟ ಇದೆ. ಕೆಲಸಕ್ಕೆ ಜನ ಸಿಗುವುದಿಲ್ಲ, ನಾನೂ ಇಳಿಯಬೇಕು. ಜಿಮ್‌ನ ಅಣ್ಣ "ಇನ್ನೂ ಜೋರು ಹೊಡಿ" ಅನ್ನುತ್ತಾರೆ. ಅದೂ ಆಯ್ತು. ಏನು ಮಾಡಲಿ? ಬೆಲ್ಟ್ ತಗೊಳ್ಳಲಾ?

ಉತ್ತರ: ಜೋರು ಹೊಡೆಯುವುದನ್ನು ಸದ್ಯಕ್ಕೆ ಬಿಡಿ. ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ಬಲದ ಕೊರತೆ ಅಲ್ಲ, ಲೆಕ್ಕದ ತೊಂದರೆ.

ಒಂದು ಸುಲಭದ ಲೆಕ್ಕ ಇದೆ. ಎತ್ತಿದ ಭಾರವನ್ನು ರೆಪ್ಸ್‌ನಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ಆ ಭಾರಕ್ಕೇ ಕೂಡಿಸಿ. ಒಂದೇ ಒಂದು ಸಲ ಎಷ್ಟು ಎತ್ತಬಹುದು ಎಂಬ ಅಂದಾಜು ಸಿಗುತ್ತದೆ. 60 ಕಿಲೋ ಐದು ಸಲ ಎತ್ತುವವರಿಗೆ ಅದು 70. ಇನ್ನು 65 ಕಿಲೋ ಎರಡು ಸಲ ಎತ್ತಿದರೂ ಹೆಚ್ಚುಕಮ್ಮಿ 69. ಅಂದರೆ 65ರಲ್ಲಿ ನೀವು ಸೋತದ್ದಲ್ಲ, ನಿಮ್ಮ ಶಕ್ತಿಗೆ ತಕ್ಕಷ್ಟೇ ಎತ್ತಿದ್ದೀರಿ. 65ರಲ್ಲೂ ಐದು ಬರಬೇಕಾದರೆ ಆ 70 ಸುಮಾರು 76 ಆಗಬೇಕು. ಒಂದು ಸೋಮವಾರದಿಂದ ಮುಂದಿನ ಸೋಮವಾರಕ್ಕೆ ಆರು ಕಿಲೋ ಬಲ ಎಲ್ಲಿಂದ ಬರಬೇಕು ಹೇಳಿ?

60ರಿಂದ ನೇರ 65ಕ್ಕೆ ಯಾಕೆ ಹಾರಿದಿರಿ ಎಂಬುದನ್ನೂ ಊಹಿಸಬಲ್ಲೆ. ನಮ್ಮ ಸಣ್ಣ ಪೇಟೆಗಳ ಜಿಮ್‌ಗಳಲ್ಲಿ ಎಲ್ಲಕ್ಕಿಂತ ಸಣ್ಣ ಪ್ಲೇಟ್ ಎರಡೂವರೆ ಕಿಲೋದ್ದು. ಎರಡೂ ಕಡೆ ಒಂದೊಂದು ಹಾಕಿದರೆ ಐದು ಕಿಲೋ ಏರಿತು. ಸ್ಕ್ವಾಟ್‌ಗೆ ಅದು ಹೇಗೋ ನಡೆಯುತ್ತದೆ. ಬೆಂಚ್‌ಗೆ ಜಾಸ್ತಿ ಆಯಿತು. ಭುಜದ ಮೇಲಿಂದ 35 ಕಿಲೋ ಎತ್ತುವವರಿಗಂತೂ ಒಮ್ಮೆಗೇ ಏಳರಲ್ಲೊಂದು ಪಾಲು ಏರಿಸಿದ ಹಾಗೆ. ದೊಡ್ಡ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲೂ ಮೊದಲು ಎರಡೂವರೆ ಕಿಲೋದ ಲೆಕ್ಕದಲ್ಲೇ ಏರಿಸಬೇಕಿತ್ತು. 2005ರಿಂದ ಒಂದೊಂದು ಕಿಲೋ ಏರಿಸಬಹುದು ಅಂತಾಯಿತು. ಒಲಿಂಪಿಕ್ಸ್‌ನವರೇ ಒಂದು ಕಿಲೋ ಏರಿಸುವಾಗ ನಮಗೇನು ಅವಸರ?

ಸಣ್ಣ ಪ್ಲೇಟ್‌ಗೆ ದುಡ್ಡು ಹಾಕಬೇಕಾಗಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ದೊಡ್ಡ ಕಬ್ಬಿಣದ ವಾಶರ್ ಸಿಗುತ್ತದೆ. ಅಲ್ಲೇ ತೂಗಿಸಿ, ಅರ್ಧರ್ಧ ಕಿಲೋದ ನಾಲ್ಕು ಗೊಂಚಲು ಮಾಡಿ, ನೈಲಾನ್ ಹಗ್ಗ ಪೋಣಿಸಿ ಗಂಟು ಹಾಕಿ. ರಾಡ್‌ಗೆ ಪ್ಲೇಟ್ ಹಾಕಿದ ಮೇಲೆ ಈ ಗೊಂಚಲನ್ನು ಹೊರಗಡೆ ಬಿಗಿಯಾಗಿ ಸುತ್ತಿ. ತೂಗಾಡುವಂತೆ ಬಿಡಬಾರದು. ತೂಗಾಡಿದರೆ ಭಾರ ಒಂದು ಕಡೆಗೆ ಎಳೆಯುತ್ತದೆ. ಪಕ್ಕದವರು ನಗುತ್ತಾರೆ, ನಗಲಿ. ಇನ್ನೊಂದು ಮಾತು: 10 ಅಂತ ಅಚ್ಚೊತ್ತಿದ ಪ್ಲೇಟ್ ಸರಿಯಾಗಿ 10 ಇರಬೇಕೆಂದೇನೂ ಇಲ್ಲ. ಅಗ್ಗದ ಎರಕದ ಪ್ಲೇಟ್‌ಗಳಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ನೀವು ಬಳಸುವ ಜೋಡಿಗೆ ಪೈಂಟ್‌ನಲ್ಲಿ ಒಂದು ಗುರುತು ಹಾಕಿಕೊಂಡು ದಿನಾ ಅದನ್ನೇ ಹಾಕಿ. ಇಲ್ಲದಿದ್ದರೆ ಬಲ ಏರಿತೋ ಪ್ಲೇಟ್ ಬದಲಾಯಿತೋ ಗೊತ್ತೇ ಆಗುವುದಿಲ್ಲ.

ಇನ್ನು ತೋಟದ ವಿಷಯ. ಜಿಮ್‌ನ ಅಣ್ಣ ಕೇಳದೆ ಬಿಟ್ಟದ್ದು ಇದನ್ನೇ. ಮೈಗೆ ಜಿಮ್ ಯಾವುದು, ತೋಟ ಯಾವುದು ಗೊತ್ತಿಲ್ಲ. ಎಲ್ಲವೂ ಒಂದೇ ಖಾತೆಗೆ ಹೋಗುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನ ನೆನಪು ಮಾಡಿಕೊಳ್ಳಿ. ದೋಟಿ (ಉದ್ದದ ಕೋಲು) ಹಿಡಿದು, ಕತ್ತು ಮೇಲೆತ್ತಿ, ಕೈ ಎತ್ತಿ ಹಿಡಿದೇ ಮಧ್ಯಾಹ್ನದವರೆಗೆ ನಿಂತಿರುತ್ತೀರಿ. ಕಾಲಡಿಯಲ್ಲಿ ಕೆಸರು, ಕಣ್ಣು ಗೊನೆಯ ಮೇಲೆ. ಕಾರ್ಬನ್ ಫೈಬರ್ ದೋಟಿ ಹಗುರ ಅನ್ನಿಸಬಹುದು, ಆದರೆ ಪೈಪ್ ಸಮೇತ ಅಷ್ಟೆತ್ತರದ ತುದಿಯನ್ನು ಅಲುಗಾಡದಂತೆ ಹಿಡಿಯುವುದು ಭುಜವೇ, ಮುಂಗೈಯೇ. ಸಂಜೆ ಬೆಂಚ್ ಮೇಲೆ ಮಲಗಿದಾಗ ಬೇಕಾಗುವುದೂ ಅದೇ ಭುಜ. ಕೊಯ್ಲಿನ ಸಮಯದಲ್ಲಿ ಗೋಣಿ ಹೊತ್ತು ಅಂಗಳಕ್ಕೆ ತಂದು ಸುರಿದ ದಿನ ಸ್ಕ್ವಾಟ್ ಏಳದಿದ್ದರೆ ಆಶ್ಚರ್ಯ ಏನು?

ಹಾಗಂತ ತೋಟ ಬಿಡಲಾಗುವುದಿಲ್ಲ. ಒಂದು ನೋಟ್‌ಬುಕ್ ಇಡಿ. ಎಡಗಡೆ ಜಿಮ್, ಬಲಗಡೆ ತೋಟ ಮತ್ತು ನಿದ್ದೆ. ಒಂದು ತಿಂಗಳಲ್ಲಿ ನಿಮಗೇ ಕಾಣುತ್ತದೆ. ಮದ್ದು ಬಿಡುವ ವಾರ ಹೊಸ ಭಾರಕ್ಕೆ ಕೈ ಹಾಕಬೇಡಿ, ಇದ್ದದ್ದನ್ನು ಉಳಿಸಿಕೊಂಡರೆ ಸಾಕು. ಸೆಟ್ (ಬಿಡುವಿಲ್ಲದೆ ಮಾಡುವ ರೆಪ್ಸ್‌ನ ಒಂದು ಸುತ್ತು) ಅರ್ಧ ಮಾಡಿ, ಭಾರವನ್ನು ಸ್ವಲ್ಪವೇ ಇಳಿಸಿ. ಒಂದೆರಡು ವಾರದಲ್ಲಿ ಬಲ ಎಲ್ಲೂ ಓಡಿಹೋಗುವುದಿಲ್ಲ. ಭಾರ ಏರಿಸುವ ವಾರಗಳನ್ನು ತೋಟ ಹಗುರ ಇರುವ ಸಮಯಕ್ಕೆ ಇಟ್ಟುಕೊಳ್ಳಿ. ನಿದ್ದೆ ಏಳೆಂಟು ಗಂಟೆ ಬೇಕು. ರಾತ್ರಿ ಇಡೀ ಯಕ್ಷಗಾನ ಆಟ ನೋಡಿದ್ದೀರಿ ಅನ್ನಿ, ಬೇಡ ಅನ್ನಲು ನಾನು ಯಾರು? ಆದರೆ ಮರುದಿನ ಸ್ಕ್ವಾಟ್ ಬೇಡ, ಒಂದು ದಿನ ಮುಂದೂಡಿ.

ಮೊದಲ ಆರು ತಿಂಗಳು ಸಲೀಸಾಗಿ ಏರಿದ್ದಕ್ಕೂ ಕಾರಣ ಇದೆ. ಶುರುವಿನಲ್ಲಿ ಬಲ ಬರುವುದು ಹೆಚ್ಚಾಗಿ ನರಗಳಿಂದ. ಇರುವ ಸ್ನಾಯುವನ್ನು ಒಟ್ಟಿಗೆ ಬಳಸಲು ಮೈ ಕಲಿಯುತ್ತದೆ. ಆ ಪಾಠ ಬೇಗ ಮುಗಿಯುತ್ತದೆ. ಆಮೇಲಿನದು ಸ್ನಾಯು ಬೆಳೆದೇ ಬರಬೇಕು. ಅದಕ್ಕೆ ಊಟ, ಸಮಯ ಎರಡೂ ಬೇಕು. ದಿನಾ 60ರ ಐದು ರೆಪ್ಸ್‌ಗೇ ಗುದ್ದಾಡುತ್ತಿದ್ದರೆ ಅದು ಬೆಳೆಯುವುದಿಲ್ಲ. ಸ್ವಲ್ಪ ಹಿಂದೆ ಬಂದು ರೆಪ್ಸ್ ಜಾಸ್ತಿ ಮಾಡಿ.

ಬೆಂಚ್‌ಗೆ ನಾನಾದರೆ ಹೀಗೆ ಮಾಡುತ್ತೇನೆ. ಮೊದಲು ಒಂದು ವಾರ ಹಗುರ. ಆಮೇಲೆ ಒಂದು ವಾರ 50 ಕಿಲೋ, ಎಂಟು ರೆಪ್ಸಿನ ಮೂರು ಸೆಟ್. ಸುಲಭ ಅನ್ನಿಸುತ್ತದೆ, ಅನ್ನಿಸಲಿ. ಮುಂದಿನ ವಾರ 52, ಅದೇ ಎಂಟು. ಆಮೇಲೆ 55ಕ್ಕೆ ಆರು, 57ಕ್ಕೆ ಆರು, 60ಕ್ಕೆ ನಾಲ್ಕು. ಅದರ ಮುಂದಿನ ವಾರ 61ಕ್ಕೆ ಐದು. ವಾಶರ್ ಗೊಂಚಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಇದು ವಾರದ ಭಾರದ ದಿನದ ಲೆಕ್ಕ. ಇನ್ನೊಂದು ದಿನ ಅದಕ್ಕಿಂತ ಐದಾರು ಕಿಲೋ ಕಡಿಮೆ ಹಾಕಿ, ರಾಡ್ ಎದೆಗೆ ತಾಗಿದ ಮೇಲೆ ಒಂದು ಕ್ಷಣ ನಿಲ್ಲಿಸಿ ಎತ್ತಿ. ಎದೆಗೆ ಬಡಿದು ಪುಟಿಸುವ ಚಾಳಿ ಇದ್ದರೆ ಆ ದಿನವೇ ಗೊತ್ತಾಗುತ್ತದೆ. ಸೆಟ್‌ಗಳ ನಡುವೆ ಮೂರು ನಿಮಿಷ ಬಿಡುವು ಇರಲಿ. ಪ್ರತಿ ವಾರ ಮ್ಯಾಕ್ಸ್ (ಒಂದೇ ಸಲ ಎಷ್ಟು ಎತ್ತಬಹುದು ಅಂತ) ನೋಡುವ ಗೀಳು ಮಾತ್ರ ಬೇಡವೇ ಬೇಡ. ಜೊತೆಗೆ ಯಾರೂ ಇಲ್ಲದ ದಿನ ಭಾರದ ಬೆಂಚ್ ಕೂಡ ಬೇಡ.

ಸ್ಕ್ವಾಟ್‌ಗೂ ಇದೇ ಕ್ರಮ. ಆದರೆ ಮೊದಲು ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಪಕ್ಕದಿಂದ ಒಂದು ವಿಡಿಯೋ ಮಾಡಿ. ಏಳುವಾಗ ಸೊಂಟ ಮೊದಲು ಮೇಲೆ ಹೋಗಿ ಎದೆ ಕೆಳಗೇ ಉಳಿಯುತ್ತಿದ್ದರೆ, 85 ಕಿಲೋದ ಹೊರೆ ಬೆನ್ನ ಮೇಲೆ ಬೀಳುತ್ತಿದೆ ಅಂತ ಅರ್ಥ. 75ಕ್ಕೆ ಇಳಿದು ಅದನ್ನು ಸರಿ ಮಾಡಿಕೊಂಡು ಮೇಲೆ ಬನ್ನಿ.

ಊಟಕ್ಕೆ ಬರೋಣ. ಬಲ ಬೆಳೆಸುವವರಿಗೆ ಮೈತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೊಟೀನ್ ಅನ್ನುವುದು ಒಪ್ಪಿತವಾದ ಲೆಕ್ಕ. ನಿಮಗೆ 100 ಗ್ರಾಂ. ಕುಚ್ಚಲಕ್ಕಿ ಅನ್ನ, ಸಾರು, ಮಜ್ಜಿಗೆ ಎಷ್ಟು ಉಂಡರೂ ಅಲ್ಲಿಗೆ ಮುಟ್ಟುವುದು ಕಷ್ಟ. ಮೀನು ತಿನ್ನುವವರಾದರೆ ಚಿಂತೆ ಕಡಿಮೆ: 150 ಗ್ರಾಂ ಬಂಗುಡೆಯಲ್ಲಿ 30 ಗ್ರಾಂ ಹತ್ತಿರ ಇದೆ. ಮೊಟ್ಟೆಗೆ ಆರು ಗ್ರಾಂ. ಎರಡೂ ಇಲ್ಲದ ಮನೆಯಾದರೆ 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂ, ಬೇಯಿಸದ ಒಣ ಹೆಸರುಕಾಳು 50 ಗ್ರಾಂನಲ್ಲಿ 12, ಮೇಲೆ ಹಾಲು, ಮೊಸರು. ಕ್ರಿಯಾಟಿನ್ ಅನ್ನುವ ಪೂರಕ ಪುಡಿ ದಿನಕ್ಕೆ 3ರಿಂದ 5 ಗ್ರಾಂ ತಗೊಂಡರೆ ಉಪಯೋಗ ಇದೆ, ಸಸ್ಯಾಹಾರಿಗಳಿಗೆ ಸ್ವಲ್ಪ ಹೆಚ್ಚೇ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಉಳಿದ ಡಬ್ಬಿಗಳ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ.

ವರ್ಷದಲ್ಲಿ ಮೈತೂಕ ಎಷ್ಟು ಏರಿತು ಅಂತ ನೀವು ಬರೆದಿಲ್ಲ. ಏರಿಲ್ಲದಿದ್ದರೆ ಉತ್ತರದ ಒಂದು ಭಾಗ ಅಲ್ಲೇ ಇದೆ. ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ 61 ಕಿಲೋ ವಿಭಾಗದಲ್ಲಿ 269 ಎತ್ತಿ ಕಂಚು ತಂದರು. ನಾಲ್ಕು ವರ್ಷದ ತರಬೇತಿಯೂ ಅದರಲ್ಲಿದೆ, ನಿಜ. ಆದರೆ ಐದು ಕಿಲೋ ಹೆಚ್ಚಿನ ಮೈಗೂ ಅದರಲ್ಲಿ ಪಾಲಿದೆ. ನೀವು ಮೂರು ತಿಂಗಳಲ್ಲಿ ಎರಡು ಕಿಲೋ ಏರಿದರೆ ಸಾಕು.

"ನನ್ನ ಮಿತಿಯೇ ಇಷ್ಟೇನೋ" ಅನ್ನುವ ಭಯ ಇದ್ದರೆ ಬಿಡಿ. ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಏಟಿಗೆ ತಲೆಯ ಮೇಲೆ ಎತ್ತುವುದು) 2020ರ ರಾಷ್ಟ್ರೀಯ ಕೂಟದಲ್ಲಿ ಎತ್ತಿದ್ದು 88 ಕಿಲೋ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 88, 2024ರ ಪ್ಯಾರಿಸ್‌ನಲ್ಲೂ 88. ಆ ಎತ್ತರದಲ್ಲಿ ಒಂದು ಕಿಲೋಗೆ ವರ್ಷಗಳೇ ಹೋಗುತ್ತವೆ. ಒಂದು ವರ್ಷದ ಅನುಭವದವರಿಗೆ ಮಿತಿ ಇನ್ನೂ ಎಷ್ಟೋ ದೂರ.

ಭುಜದ ಮುಂಭಾಗದಲ್ಲಿ ನೋವಿದ್ದು ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿದ್ದರೆ ಮೇಲೆ ಹೇಳಿದ ಯಾವುದೂ ಬೇಡ. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಬೆಲ್ಟ್ ಕೇಳಿದ್ದಿರಿ ಅಲ್ವಾ? ಬೆಂಚ್‌ಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ. ಸ್ಕ್ವಾಟ್, ಡೆಡ್‌ಲಿಫ್ಟ್‌ನಲ್ಲಿ (ನೆಲದಿಂದ ಸೊಂಟದ ಮಟ್ಟಕ್ಕೆ ಭಾರ ಎತ್ತುವುದು) ಉಸಿರು ತುಂಬಿ ಹೊಟ್ಟೆಯನ್ನು ಅದಕ್ಕೆ ಒತ್ತಿ ಹಿಡಿಯಲು ಗೊತ್ತಿದ್ದವರಿಗೆ ಸಹಾಯ ಆಗುತ್ತದೆ. ಸುಮ್ನೆ ಸೊಂಟಕ್ಕೆ ಬಿಗಿದರೆ ಆಗುವುದಿಲ್ಲ. ಬೆಲ್ಟ್ ಇಲ್ಲದೆ ಸ್ಕ್ವಾಟ್ 100 ದಾಟಲಿ, ಆಮೇಲೆ ನೋಡಿದರಾಯಿತು.