ಮುಂದಿನ ಚಕ್ರ ಹಿಡಿಯಲಿ, ಹಿಂದಿನದು ಓಡಲಿ

ಚಿಕ್ಕಮಗಳೂರು ಪೇಟೆಯಿಂದ ಬೆಳಿಗ್ಗೆ ಆರಕ್ಕೆ ಸೈಕಲ್ ಹತ್ತಿದರೆ ಕೈಮರದವರೆಗೆ ಡಾಂಬರು. ಅಲ್ಲಿಂದ ಮೇಲೆ ಗಿರಿಯ ತಿರುವುಗಳು. ಅತ್ತಿಗುಂಡಿ ಕಡೆ ಹೋಗಿ ಯಾವುದಾದರೂ ತೋಟದ ದಾರಿಗೆ ಇಳಿದರೆ ಕೆಂಪು ಮಣ್ಣು, ಅದರ ಮೇಲೆ ಸಿಲ್ವರ್ ಓಕ್ ಎಲೆಗಳ ಹಾಸು. ಸ್ವಲ್ಪ ಮುಂದೆ ನೆರಳಿನಲ್ಲಿ ಹಾವಸೆ ಕಟ್ಟಿದ ಮೋರಿ. ಅದನ್ನು ದಾಟಿದರೆ ಜೀಪುಗಳು ಉತ್ತು ಹಾಕಿದ ಕಲ್ಲು ದಾರಿ. ಒಂದೇ ಬೆಳಿಗ್ಗೆ ಇಷ್ಟು ತರದ ನೆಲ. ನಮ್ಮ ಹತ್ತಿರ ಇರುವುದು ಮಾತ್ರ ಒಂದೇ ಜೊತೆ ಟೈರು.

ಹೊಸದಾಗಿ ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್ (ಮೌಂಟನ್ ಬೈಕ್), ಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ನಮ್ಮ ಕಡೆಗೆ ಯಾವ ಟೈರ್ ಒಳ್ಳೆಯದು?’ ಹಿಂದೆ ನಾನೂ ಒಂದು ಹೆಸರು ಹೇಳಿಬಿಡುತ್ತಿದ್ದೆ. ಈಗ ಹೇಳುವುದಿಲ್ಲ. ಮೊದಲು ರಬ್ಬರ್ ಏನು ಮಾಡುತ್ತದೆ ಅಂತ ಗೊತ್ತಾಗಬೇಕು. ಅದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಎರಡು ರಬ್ಬರ್ ಚೆಂಡು ತೆಗೆದುಕೊಳ್ಳಿ. ಎರಡನ್ನೂ ಎದೆಮಟ್ಟದಿಂದ ಬಿಡಿ. ಒಂದು ಚಂಗನೆ ಪುಟಿಯುತ್ತದೆ. ಇನ್ನೊಂದು ಧೊಪ್ಪೆಂದು ಬಿದ್ದು ಮೊಣಕಾಲಿನವರೆಗೂ ಏಳುವುದಿಲ್ಲ. ಎರಡನೆಯದು ಬಿದ್ದಾಗ ಸಿಕ್ಕ ಶಕ್ತಿಯನ್ನು ವಾಪಸ್ ಕೊಡದೆ ಒಳಗೇ ಬಿಸಿಯಾಗಿ ಕಳೆದುಕೊಂಡಿತು. ಟೈರಿನ ರಬ್ಬರ್ ಕೂಡ ಹೀಗೇ. ಚಕ್ರ ಉರುಳುವಾಗ ನೆಲ ಮುಟ್ಟುವ ಭಾಗ ಚಪ್ಪಟೆಯಾಗುತ್ತದೆ, ಮೇಲೆ ಹೋದಾಗ ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿಗೂ ಸ್ವಲ್ಪ ಶಕ್ತಿ ಸೋರುತ್ತದೆ. ಆ ಸೋರಿಕೆಯನ್ನು ನಮ್ಮ ಕಾಲು ತುಂಬಿಕೊಡಬೇಕು.

ಹಾಗಾದರೆ ಪುಟಿಯುವ ರಬ್ಬರನ್ನೇ ಹಾಕಿದರಾಯ್ತು, ಅಲ್ವಾ? ಇಲ್ಲ. ಹಿಡಿತ ಹುಟ್ಟುವುದೂ ಇದೇ ಸೋರಿಕೆಯಿಂದ. ಮೆತ್ತಗಿನ, ಸೋಮಾರಿ ರಬ್ಬರ್ ಕಲ್ಲಿನ ಸಣ್ಣ ಉಬ್ಬುತಗ್ಗುಗಳ ಸುತ್ತ ಹರಿದು ಕೂರುತ್ತದೆ. ಜಾರಲು ಹೊರಟಾಗ ಬೇಗ ಹಳೆಯ ರೂಪಕ್ಕೆ ಬರುವುದಿಲ್ಲ, ಆದ್ದರಿಂದ ಉಬ್ಬುಗಳನ್ನು ಬಿಡುವುದೂ ಇಲ್ಲ. ಇದಲ್ಲದೆ ಒಣ ಕಲ್ಲಿನ ಮೇಲೆ ರಬ್ಬರಿನ ಅಣುಗಳು ನೇರವಾಗಿ ಅಂಟಿಕೊಳ್ಳುವುದೂ ಉಂಟು. ನಡುವೆ ತೆಳ್ಳಗೆ ನೀರು ಬಂದರೆ ಈ ಅಂಟು ಹೋಗುತ್ತದೆ. ಆಗ ಕಲ್ಲಿನ ಮೇಲೆ ಉಳಿಯುವುದು ಮೊದಲು ಹೇಳಿದ ಹಿಡಿತ ಮಾತ್ರ. ಮಳೆಗಾಲಕ್ಕೆ ಮೆತ್ತಗಿನ ರಬ್ಬರ್ ಬೇಕು ಅನ್ನುವುದು ಅದಕ್ಕೇ.

ಅಂದರೆ ಹಿಡಿತ ಬೇಕೆಂದರೆ ಓಟ ಬಿಡಬೇಕು, ಓಟ ಬೇಕೆಂದರೆ ಹಿಡಿತ ಬಿಡಬೇಕು. ಚಿಕ್ಕಮಗಳೂರು ಪೇಟೆ ಇರುವುದೇ ಸುಮಾರು 1,090 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. 800 ಮೀಟರ್‌ಗೂ ಜಾಸ್ತಿ ಏರು. ಅಂಟು ರಬ್ಬರಿನ ಟೈರು ಹಾಕಿಕೊಂಡು ಅಷ್ಟು ಹತ್ತಿದವರಿಗೆ ಈ ಲೆಕ್ಕ ತೊಡೆಯಲ್ಲೇ ಗೊತ್ತಾಗುತ್ತದೆ.

ಆದರೆ ನಮ್ಮ ಗಾಡಿಗೆ ಎರಡು ಚಕ್ರ. ಎರಡಕ್ಕೂ ಒಂದೇ ಟೈರು ಇರಬೇಕು ಅಂತ ಯಾರು ಹೇಳಿದರು? ಸಮತಟ್ಟಿನಲ್ಲಿ ಕೂತು ತುಳಿಯುವಾಗ ಭಾರದ ಅರ್ಧಕ್ಕಿಂತ ಜಾಸ್ತಿ ಹಿಂದಿನ ಚಕ್ರದ ಮೇಲಿರುತ್ತದೆ. ಏರಿನಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಸೋರಿಕೆಯ ದೊಡ್ಡ ಪಾಲು ಹಿಂದೆಯೇ ಆಗುತ್ತದೆ. ಇಳಿಯುತ್ತಾ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರುತ್ತದೆ. ಆಗ ತಿರುಗಿಸುವುದೂ ನಿಲ್ಲಿಸುವುದೂ ಬಹುಪಾಲು ಮುಂದಿನ ಚಕ್ರದ ಕೆಲಸ. ಹಿಂದಿನ ಚಕ್ರ ಜಾರಿದರೆ ಸೊಂಟ ಅಲ್ಲಾಡಿಸಿ ಸರಿಮಾಡಿಕೊಳ್ಳಬಹುದು. ಮುಂದಿನದು ಜಾರಿದರೆ ಯೋಚಿಸುವಷ್ಟರಲ್ಲಿ ನೆಲದ ಮೇಲಿರುತ್ತೇವೆ.

ಆದ್ದರಿಂದ ಮುಂದೆ ಮೆತ್ತಗಿನ ರಬ್ಬರ್, ಎತ್ತರದ ಗುಬಟು (ಟೈರಿನ ಮೈಮೇಲೆ ಎದ್ದು ನಿಂತ ರಬ್ಬರ್ ಉಬ್ಬು), ಸ್ವಲ್ಪ ಅಗಲ. ಹಿಂದೆ ಗಟ್ಟಿ ರಬ್ಬರ್, ನಡುವೆ ತಗ್ಗಿನ ಒತ್ತೊತ್ತು ಗುಬಟು. ಮುಂದೆ 2.4 ಇಂಚು, ಹಿಂದೆ 2.25 ಅಥವಾ 2.3 ನಮ್ಮ ಮಿಶ್ರ ನೆಲಕ್ಕೆ ಚೆನ್ನಾಗಿ ಹೊಂದುತ್ತದೆ. ಹಿಂದಿನ ಟೈರು ಬೇಗ ಸವೆಯುತ್ತದೆ ಅಂತ ಅಂಗಡಿಯಲ್ಲಿ ಹೊಸದನ್ನು ಹಿಂದಕ್ಕೇ ಹಾಕಿಕೊಡುತ್ತಾರೆ. ಹಾಗೆ ಮಾಡಿಸಬೇಡಿ. ಎರಡೂ ಒಂದೇ ತರದ ಟೈರಾಗಿದ್ದರೆ ಹೊಸದು ಮುಂದಕ್ಕೆ ಬರಲಿ, ಮುಂದಿನದು ಹಿಂದಕ್ಕೆ ಹೋಗಲಿ.

ಇನ್ನು ಗುಬಟುಗಳ ವಿಷಯ. ಗದ್ದೆ ಉಳುವ ಟ್ರ್ಯಾಕ್ಟರನ್ನು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಕೆಸರಿಗೆ ಇಳಿಸುವ ಮುಂಚೆ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರೆ. ಅದರ ಪಟ್ಟಿಗಳು ದೂರ ದೂರ ಇರುತ್ತವೆ. ಮಣ್ಣಿನೊಳಗೆ ಹೊಕ್ಕು ಮಣ್ಣನ್ನೇ ಗೋಡೆ ಮಾಡಿಕೊಂಡು ತಳ್ಳುತ್ತವೆ. ಅಂತರ ಇರುವುದರಿಂದ ಕೆಸರು ಉದುರಿಹೋಗುತ್ತದೆ. ಸೈಕಲ್ ಟೈರಿನ ಗುಬಟು ಕೂಡ ಇದೇ ಕೆಲಸ ಮಾಡುತ್ತದೆ. ಎಷ್ಟು ಎತ್ತರ, ಎಷ್ಟು ಅಂತರ ಅನ್ನುವುದನ್ನು ಮಣ್ಣೇ ಹೇಳುತ್ತದೆ.

ನಮ್ಮ ಗಿರಿಸಾಲಿನ ಮಣ್ಣು ಕಬ್ಬಿಣದ ಅಂಶದಿಂದ ಕೆಂಪು. ಕೆಮ್ಮಣ್ಣುಗುಂಡಿ ಅನ್ನುವ ಹೆಸರಿನಲ್ಲೇ ಅದು ಇದೆ; ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಅಲ್ಲಿಂದಲೇ. ಈ ಕೆಂಪು ಮಣ್ಣಿನ ಜೇಡಿ ನೀರು ಕುಡಿದರೂ ಅಷ್ಟಾಗಿ ಉಬ್ಬುವುದಿಲ್ಲ. ಮೇಲೆ ಜಾರುತ್ತದೆ, ಆದರೆ ಒಂದು ಬೆರಳು ಕೆಳಗೆ ಗಟ್ಟಿ ನೆಲ ಸಿಗುತ್ತದೆ. ಎತ್ತರದ ಗುಬಟು ಆ ಗಟ್ಟಿಯನ್ನು ಮುಟ್ಟಿದರೆ ಸಾಕು. ಕಡೂರಿನ ಕಡೆ ಎರೆಮಣ್ಣು ಸಿಕ್ಕರೆ ಕಥೆಯೇ ಬೇರೆ. ಅದರ ಜೇಡಿಯ ಪದರಗಳ ನಡುವೆಯೇ ನೀರು ಸೇರಿ ಮಣ್ಣು ಉಬ್ಬುತ್ತದೆ, ಅಂಟಾಗುತ್ತದೆ. ಹತ್ತು ಸುತ್ತಿಗೆ ಗುಬಟಿನ ಸಂದು ತುಂಬಿ, ಚಕ್ರ ಹಿಡಿದಿರುವ ಫೋರ್ಕಿನವರೆಗೆ ಮೆತ್ತಿ, ಚಕ್ರ ತಿರುಗುವುದೇ ನಿಂತುಹೋಗುತ್ತದೆ. ಅಂಥ ಕಡೆ ಕಿರಿದಾದ, ಸಂದು ಜಾಸ್ತಿ ಇರುವ ಟೈರೇ ವಾಸಿ. ಮಳೆ ನಿಂತು ಎರಡು ದಿನ ಕಾಯುವುದು ಇನ್ನೂ ವಾಸಿ.

ಬೇಸಿಗೆಯಲ್ಲಿ ತೋಟದ ರಸ್ತೆ ಜೀಪು ಓಡಾಡಿ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಮೇಲೆ ಗರಸು. ಹರಳುಗಳು ಟೈರಿನ ಕೆಳಗೆ ಬೇರಿಂಗ್ ಗುಂಡಿನ ಹಾಗೆ ಉರುಳುತ್ತವೆ. ಇಲ್ಲಿ ಅಂಚಿನ ಗುಬಟುಗಳು ಮುಖ್ಯ. ತಿರುವಿನಲ್ಲಿ ಸೈಕಲ್ ವಾಲಿಸಿದಾಗ ಅವು ಹರಳನ್ನು ಸರಿಸಿ ಗಟ್ಟಿ ನೆಲ ಹುಡುಕುತ್ತವೆ. ಡಾಂಬರಿಗೆ ಗುಬಟೇ ಬೇಡ, ಮಳೆಯಲ್ಲೂ ಬೇಡ. ಕಾರಿನ ಹಾಗೆ ಸೈಕಲ್ಲು ನೀರಿನ ಮೇಲೆ ತೇಲಲು ಗಂಟೆಗೆ 80 ಕಿಲೋಮೀಟರ್‌ಗಿಂತ ಜಾಸ್ತಿ ವೇಗ ಬೇಕು.

ಹಾವಸೆಗೆ ಮಾತ್ರ ಯಾವ ಗುಬಟೂ ಆಗಿಬರುವುದಿಲ್ಲ. ಚುಚ್ಚಲು ಕೆಳಗೆ ಮಣ್ಣಿಲ್ಲ, ಅಂಟಲು ನೀರು ಬಿಡುವುದಿಲ್ಲ. ನನ್ನ ಮೊದಲ ಮಳೆಗಾಲದಲ್ಲಿ ಅಂಥದೊಂದು ಮೋರಿಯ ಮೇಲೆ ಮುಂದಿನ ಚಕ್ರ ಜಾರಿ ಭುಜ ಊದಿಸಿಕೊಂಡಿದ್ದೆ. ಒಳ್ಳೆಯ ಟೈರೇ ಇತ್ತು. ಆದರೆ ಹಿಂದಿನ ದಿನ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹಾಕಿಸಿದ್ದೆ. ಟೈರ್ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಒಳ್ಳೆಯದು ಅಂತ ನಂಬಿದ್ದ ಕಾಲ ಅದು.

ಲೆಕ್ಕ ಸರಳ. ಹಿಂದಿನ ಚಕ್ರದ ಮೇಲೆ 50 ಕಿಲೋ ಭಾರ ಇದೆ ಅನ್ನೋಣ. 50 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕಿಲೋ. ಹಾಗಾದರೆ ನೆಲ ಮುಟ್ಟುವ ಜಾಗ ಸುಮಾರು 14 ಚದರ ಸೆಂಟಿಮೀಟರ್, ಒಂದು ಬೆಂಕಿಪೊಟ್ಟಣಕ್ಕಿಂತ ಕಡಿಮೆ. ಗಾಳಿ 25ಕ್ಕೆ ಇಳಿಸಿದರೆ ಜಾಗ ಎರಡರಷ್ಟು. ಒಂದು ಪೈಸೆ ಖರ್ಚಿಲ್ಲದೆ ಟೈರಿನ ಹೆಜ್ಜೆ ಇಮ್ಮಡಿಯಾಯಿತು. ಮುಂದಿನ ಚಕ್ರಕ್ಕೂ ಇದೇ ಲೆಕ್ಕ.

ಗಾಳಿ ಇಳಿಸಿದರೆ ಸೈಕಲ್ ಎಳೆಯುತ್ತದೆ ಅನ್ನುವ ಹೆದರಿಕೆ ಡಾಂಬರಿನ ಮೇಲೆ ನಿಜ. ಕಲ್ಲು ದಾರಿಯಲ್ಲಿ ಉಲ್ಟಾ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಸವಾರನ ಸಮೇತ ಮೇಲೆ ಹಾರುತ್ತದೆ. ಅಷ್ಟು ಭಾರ ಎತ್ತಲು ಬೇಕಾದ ಶಕ್ತಿ ನಮ್ಮ ಓಟದಿಂದಲೇ ಕಳೆಯುತ್ತದೆ. ಮೆತ್ತಗಿನ ಟೈರು ಕಲ್ಲನ್ನು ಒಳಗೆ ನುಂಗಿ ಮುಂದೆ ಹೋಗುತ್ತದೆ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದಾಗ ಸಿಕ್ಕ ಲಾಭ ಇದೇ. ಕುಲುಕಾಟವೂ ಕಡಿಮೆ, ಓಟವೂ ಹಗುರ.

ತೀರಾ ಇಳಿಸಿದರೆ ಕಲ್ಲು ಟ್ಯೂಬನ್ನು ರಿಮ್ಮಿಗೆ ಅದುಮಿ ಹಾವು ಕಚ್ಚಿದಂತೆ ಎರಡು ತೂತು ಮಾಡುತ್ತದೆ. ಟ್ಯೂಬ್‌ಲೆಸ್ ಮಾಡಿಸಿದರೆ ಆ ತೊಂದರೆ ತೀರಾ ಕಡಿಮೆ. ತೂತು ಮುಚ್ಚಲು ಒಳಗೆ ಹಾಕುವ ಸೀಲೆಂಟ್ ದ್ರವಗಳ ಪೈಕಿ ಹಲವುಗಳಲ್ಲಿ ರಬ್ಬರ್ ಮರದ ಹಾಲೇ ಇರುತ್ತದೆ, ಚಾರ್ಮಾಡಿ ಇಳಿದರೆ ಬೆಳ್ತಂಗಡಿಯ ತೋಟಗಳಲ್ಲಿ ಚಿಪ್ಪಿಗೆ ತೊಟ್ಟಿಕ್ಕುವ ಅದೇ ಹಾಲು. ಕಡೂರು, ಅರಸೀಕೆರೆ ಕಡೆಯ ಜಾಲಿ ಮುಳ್ಳು ಚುಚ್ಚಿದರೆ ಆ ಹಾಲು ತೂತಿನಲ್ಲಿ ಹೆಪ್ಪುಗಟ್ಟಿ ಮುಚ್ಚಿಬಿಡುತ್ತದೆ.

70 ಕಿಲೋ ತೂಗುವವರು ಟ್ಯೂಬ್‌ಲೆಸ್‌ನಲ್ಲಿ ಮುಂದೆ 21, ಹಿಂದೆ 24 ಪಿಎಸ್‌ಐಯಿಂದ ಶುರುಮಾಡಬಹುದು. ಟ್ಯೂಬ್ ಇದ್ದರೆ ನಾಲ್ಕೈದು ಜಾಸ್ತಿ. ರಿಮ್ಮಿಗೆ ಕಲ್ಲು ತಾಗಿದ ಸದ್ದು ಬಂದರೆ ಎರಡು ಏರಿಸಿ. ತಿರುವಿನಲ್ಲಿ ಟೈರು ಹೊರಳಿದಂತೆ ಅನಿಸಿದರೂ ಏರಿಸಿ. ಕೈಯಲ್ಲಿ ಅದುಮಿ ಸುಮ್ನೆ ಅಂದಾಜು ಮಾಡಬೇಡಿ, ಸಣ್ಣದೊಂದು ಗೇಜ್ ಇಟ್ಟುಕೊಳ್ಳಿ.

ನಾನೀಗ ಪೇಟೆಯಿಂದ ಹೊರಡುವಾಗ ಎರಡಕ್ಕೂ 30 ಹಾಕಿರುತ್ತೇನೆ. ತೋಟದ ದಾರಿಯ ಬಾಯಲ್ಲಿ ಇಳಿದು ಮೊದಲು ಮುಂದಿನ ವಾಲ್ವ್ ಒತ್ತುತ್ತೇನೆ. ಉಸ್ಸೆಂದು ಗಾಳಿ ಹೋಗುತ್ತದೆ. ಗೇಜಿನಲ್ಲಿ 20 ಬಂದ ಮೇಲೆ ಹಿಂದಿನದಕ್ಕೆ ಬಗ್ಗುತ್ತೇನೆ. ಮಳೆಗಾಲದಲ್ಲಿ ಆ ಒಂದೆರಡು ನಿಮಿಷದಲ್ಲೇ ಉಂಬಳ ಕಾಲು ಹತ್ತಿರುತ್ತದೆ. ಅದನ್ನು ಕಿತ್ತು ಹಾಕಿ, ಮೋರಿ ಬಂದಾಗ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೆಟ್ಟಗೆ ದಾಟುತ್ತೇನೆ.