ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಯಾಕೆ ಬರೀತಾರೆ?

ಬಳ್ಳಾರಿಯಲ್ಲಿ ಮೇ ತಿಂಗಳ ಬಿಸಿಲು ಅಂದ್ರೆ ಗೊತ್ತಲ್ವಾ. ಅವ್ವನಿಗೆ ಇನ್ಸುಲಿನ್ ತರಲು ಮೆಡಿಕಲ್ ಶಾಪ್‌ಗೆ ಹೋಗಿದ್ದೆ. ಫಾರ್ಮಸಿಸ್ಟ್ ಫ್ರಿಜ್ ತೆಗೆದು ಮೊದಲು ಒಳಗಿನ ಥರ್ಮಾಮೀಟರ್ ನೋಡಿದರು. ಪಕ್ಕದಲ್ಲಿ ನೇತುಹಾಕಿದ್ದ ನೋಟ್‌ಬುಕ್‌ನಲ್ಲಿ 6 ಅಂತ ಬರೆದರು. ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಆಮೇಲೆ ಬಿಲ್ಲಿನಲ್ಲಿ ಕಂಪನಿ ಹೆಸರು, ಬ್ಯಾಚ್ ನಂಬರ್ (ಒಟ್ಟಿಗೆ ತಯಾರಾದ ಔಷಧಗಳಿಗೆಲ್ಲ ಹಾಕುವ ಒಂದೇ ನಂಬರ್), ಎಕ್ಸ್‌ಪೈರಿ ಬರೆದು ಸಹಿ ಹಾಕಿದರು. ಹಿಂದೆ ನಿಂತವರಿಗೆ ಅವಸರ. ಅವರಲ್ಲೊಬ್ಬರು ಕೇಳಿದರು: "ಒಂದು ಔಷಧಕ್ಕೆ ಇಷ್ಟೆಲ್ಲ ಬರೀಬೇಕಾ ಸರ್?" "ಬರೀಲೇಬೇಕು ಅಣ್ಣ" ಅಂದರು, ತಲೆ ಎತ್ತದೆ.

ಈ ಬರವಣಿಗೆಯ ಹಿಂದೆ ಸುಮಾರು ನೂರು ವರ್ಷದ ಕಥೆ ಇದೆ. 1920ರ ದಶಕದಲ್ಲಿ ಕಲಬೆರಕೆ ಔಷಧದ ಹಾವಳಿ ಜಾಸ್ತಿಯಾಗಿತ್ತು. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಕೂಡ ನಂಬುವ ಹಾಗಿರಲಿಲ್ಲ. 1930ರಲ್ಲಿ ಸರ್ಕಾರ ಔಷಧ ವಿಜ್ಞಾನಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಮರುವರ್ಷವೇ ವರದಿ ಬಂತು. ಔಷಧ ಕಾಯ್ದೆ ಬಂದದ್ದು ಮಾತ್ರ 1940ರಲ್ಲಿ, ನಿಯಮಗಳು 1945ರಲ್ಲಿ.

ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮರ ಸಂಸ್ಥಾನದಲ್ಲಿದ್ದವು. ಬ್ರಿಟಿಷ್ ಇಂಡಿಯಾಕ್ಕೆ ಮಾಡಿದ ಕಾಯ್ದೆ ತುಂಗಭದ್ರೆಯ ಈಚೆ ದಡದಲ್ಲೇ ನಿಂತಿತು. ಕಾಯಿಲೆ ಮಾತ್ರ ಎರಡೂ ದಡದಲ್ಲಿತ್ತು.

1948ರ ಫಾರ್ಮಸಿ ಕಾಯ್ದೆ ಇನ್ನೊಂದು ಪ್ರಶ್ನೆ ಎತ್ತಿತು: ಔಷಧ ಕೊಡುವವರು ಯಾರು? ವೈದ್ಯರ ಚೀಟಿ ನೋಡಿ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಇಲ್ಲವೇ ಅವರು ಎದುರಿಗೇ ಇದ್ದು ನೋಡಿಕೊಳ್ಳಬೇಕು. ಆದರೆ ಸರ್ಟಿಫಿಕೇಟ್ ಬಾಡಿಗೆಗೆ ಕೊಡುವ ಚಾಳಿ ಇನ್ನೂ ಹೋಗಿಲ್ಲ. ಗೋಡೆಯ ಮೇಲೆ ಒಬ್ಬರ ಹೆಸರು, ಕೌಂಟರಿನಲ್ಲಿ ಓದು ಬಿಟ್ಟು ಕೆಲಸಕ್ಕೆ ಸೇರಿದ ಹುಡುಗ. ತಪ್ಪು ಆ ಹುಡುಗನದಲ್ಲ. ಹೆಸರು ಬಾಡಿಗೆಗೆ ಬಿಟ್ಟವರದ್ದು, ಪಡೆದ ಮಾಲೀಕರದ್ದು. ನನಗೆ ಇದು ನಿಜಕ್ಕೂ ಸಿಟ್ಟು ತರಿಸುತ್ತದೆ.

ಆಮೇಲೆ ನಿಯಮಗಳು ಬೆಳೆಯುತ್ತಲೇ ಬಂದವು. 2014ರ ಮಾರ್ಚ್‌ನಿಂದ ಎಚ್‌1 ಪಟ್ಟಿ ಜಾರಿಯಾಯಿತು. ಅದರಲ್ಲಿ ಮೊದಲಿಗೆ 46 ಔಷಧಗಳಿದ್ದವು. ಪ್ರಬಲ ಆ್ಯಂಟಿಬಯೋಟಿಕ್‌ಗಳು, ಟಿಬಿ ಔಷಧಗಳು ಇದರಲ್ಲಿ ಬರುತ್ತವೆ. ಇವನ್ನು ಮಾರಿದರೆ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. 2017ರಲ್ಲಿ ಔಷಧ ಅಂಗಡಿಗಳ ಲೈಸೆನ್ಸ್ ನವೀಕರಣ ಹೋಗಿ, 5 ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಉಳಿಸಿಕೊಳ್ಳುವ ಪದ್ಧತಿ ಬಂತು.

2024ರ ನವೆಂಬರ್‌ನಲ್ಲಿ ಏನಾಯಿತು ಅಂತ ನಮ್ಮೂರಲ್ಲಿ ಯಾರೂ ಮರೆತಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ಡ್ರಿಪ್‌ನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಆ ಡ್ರಿಪ್ ಬಾಟಲಿಯೂ ಅವ್ವನ ಇನ್ಸುಲಿನ್ನೂ ಕಾನೂನಿನಲ್ಲಿ ಒಂದೇ ಗುಂಪು, ಶೆಡ್ಯೂಲ್ ಸಿ. ನೇರ ಮೈಯೊಳಗೆ ಹೋಗುವ ಔಷಧ ಇವು. ಚೀಟಿ ಮೇಲೆ ಇವನ್ನು ಕೊಟ್ಟಾಗ ಬ್ಯಾಚ್ ನಂಬರ್ ಬರೆಯಲೇಬೇಕು. ಕೆಟ್ಟ ದ್ರಾವಣವೂ ನೀರಿನ ಹಾಗೆ ತಿಳಿಯಾಗೇ ಕಾಣಬಹುದು. ಒಂದು ಬಾಟಲಿ ಕೆಟ್ಟಿದೆ ಅಂತ ಗೊತ್ತಾದಾಗ ಅದರ ಜೊತೆಯವು ಯಾವ ಅಂಗಡಿಗೆ, ಯಾರ ಮನೆಗೆ ಹೋದವು ಅಂತ ಹುಡುಕಬೇಕಲ್ವಾ? ಆಗ ಕೈಗೆ ಸಿಗೋದು ಆ ನಂಬರ್.

ಅವ್ವ ಮೊದಲು ಬಿಲ್ಲನ್ನು ಸುಮ್ನೆ ಬಿಸಾಡುತ್ತಿದ್ದಳು. ಆ ನವೆಂಬರ್ ಆದಮೇಲೆ, ಇನ್ಸುಲಿನ್ ಸೀಸೆ ಖಾಲಿಯಾಗುವವರೆಗೂ ಅದನ್ನು ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿ ಇಟ್ಟಿರುತ್ತಾಳೆ.