ಕೈಯಲ್ಲಿಲ್ಲದ ಫೋನಿನ ಮೇಲೆ ಟೆಸ್ಟಿಂಗ್: ಕಲಿಯುತ್ತಾ ಬರೆದ ಟಿಪ್ಪಣಿ

ನಮ್ಮ ಫೋನಿನಲ್ಲಿ ಆ್ಯಪ್ ಚೆನ್ನಾಗಿ ಓಡುತ್ತದೆ. ಅದೇ ಆ್ಯಪ್ ಗೆಳತಿಯ ಫೋನಿಗೆ ಹೋದರೆ ಬಟನ್ ಅರ್ಧ ಕಾಣುವುದಿಲ್ಲ. ಹಾಗಂತ ಮಾರುಕಟ್ಟೆಯಲ್ಲಿರುವ ಫೋನುಗಳನ್ನೆಲ್ಲ ಕೊಂಡು ತರೋಕಾಗುತ್ತಾ? ಅದಕ್ಕೇ ಡಿವೈಸ್ ಫಾರ್ಮ್ ಇರುವುದು. ಎಲ್ಲೋ ಒಂದು ಕಡೆ ನಿಜವಾದ ಫೋನುಗಳನ್ನು ಸಾಲಾಗಿ ಜೋಡಿಸಿ, ಕೇಬಲ್ ಹಾಕಿ ಕಂಪ್ಯೂಟರಿಗೆ ಸೇರಿಸಿರುತ್ತಾರೆ. ನಾವು ಇಲ್ಲಿ ಬ್ರೌಸರ್ ತೆರೆದು ಆ ಫೋನಿನ ಪರದೆ ನೋಡುತ್ತೇವೆ, ಮೌಸಿನಿಂದ ಒತ್ತುತ್ತೇವೆ. 2011ರಲ್ಲಿ ಮುಂಬೈಯಲ್ಲಿ ಶುರುವಾದ ಬ್ರೌಸರ್‌ಸ್ಟ್ಯಾಕ್, 2015ರಲ್ಲಿ ಬಂದ ಅಮೆಜಾನಿನ ಡಿವೈಸ್ ಫಾರ್ಮ್, ಗೂಗಲ್‌ನ ಫೈರ್‌ಬೇಸ್ ಟೆಸ್ಟ್ ಲ್ಯಾಬ್ ಎಲ್ಲವೂ ಡಿವೈಸ್ ಫಾರ್ಮ್‌ಗಳೇ.

ಎಮ್ಯುಲೇಟರ್, ಸಿಮ್ಯುಲೇಟರ್ ಬೇರೆ. ಅವು ಕಂಪ್ಯೂಟರಿನೊಳಗೇ ಓಡುವ ಸುಳ್ಳು ಫೋನುಗಳು. ಐಫೋನ್ ಸಿಮ್ಯುಲೇಟರ್ ಅಂತೂ ಮ್ಯಾಕ್‌ನ ಪ್ರೊಸೆಸರ್ ಮೇಲೇ ಓಡುತ್ತದೆ. ಹಾಗಾಗಿ ಅಲ್ಲಿ ಆ್ಯಪ್ ಸರಸರ ಓಡಿತೆಂದು ಹಳೆಯ ಐಫೋನಿನಲ್ಲೂ ಓಡುತ್ತದೆ ಎಂದು ನಂಬಬೇಡಿ.

ಆಜ್ಞೆ ಹೋಗುವುದು ಹೇಗೆ

ಕೈಯಿಂದ ಒತ್ತುವ ಬದಲು ಕೋಡ್ ಬರೆದು ಬ್ರೌಸರನ್ನು ಓಡಿಸುವ ಸಾಧನ ಸೆಲೆನಿಯಮ್ 2004ರಲ್ಲಿ ಹುಟ್ಟಿತು. ಅದರ ವೆಬ್‌ಡ್ರೈವರ್ (ಆಜ್ಞೆ ಕಳಿಸುವ ಭಾಷೆ) 2018ರಲ್ಲಿ ವೆಬ್ಬಿನ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಅಧಿಕೃತ ಮಾನಕವಾಯಿತು. ಮೊಬೈಲಿಗೆ ಬಳಸುವ ಆ್ಯಪಿಯಮ್ ಕೂಡ ಇದೇ ಭಾಷೆಯಲ್ಲಿ ಮಾತಾಡುತ್ತದೆ. ಇಲ್ಲಿ ಒಂದು ವಿಷಯ ತಲೆಯಲ್ಲಿ ಕೂತರೆ ಸಾಕು: "ಈ ಬಟನ್ ಹುಡುಕು" ಅನ್ನುವುದು ಒಂದು ಎಚ್‌ಟಿಟಿಪಿ ಕರೆ, "ಅದನ್ನು ಒತ್ತು" ಅನ್ನುವುದು ಇನ್ನೊಂದು. ಪ್ರತಿಯೊಂದೂ ಅಲ್ಲಿಗೆ ಹೋಗಿ ಉತ್ತರ ತರಬೇಕು.

ಲೆಕ್ಕ ಹಾಕಿ ನೋಡಿ. ಟೆಸ್ಟಿನಲ್ಲಿ 40 ಹೆಜ್ಜೆ ಇದ್ದರೆ, ಹುಡುಕುವುದು, ಒತ್ತುವುದು ಸೇರಿ 80 ಕರೆ. ಒಂದೊಂದಕ್ಕೆ 300 ಮಿಲಿಸೆಕೆಂಡ್ ಅಂದುಕೊಂಡರೆ ಬರೀ ಓಡಾಟಕ್ಕೇ 24 ಸೆಕೆಂಡ್. ಮೇಜಿನ ಮೇಲಿನ ಫೋನಿನಲ್ಲಿ ಪಾಸಾದ ಟೆಸ್ಟ್ ದೂರದ ಫೋನಿನಲ್ಲಿ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವುದು ಎಷ್ಟೋ ಸಲ ಇದರಿಂದಲೇ. ನಾನು ಮೊದಲು ಎಲ್ಲ ಕಡೆ "2 ಸೆಕೆಂಡ್ ಸುಮ್ನೆ ಕಾಯಿ" ಎಂದು ಬರೆದಿದ್ದೆ. ಅದು ತೇಪೆ ಅಷ್ಟೇ. "ಈ ಬಟನ್ ಕಾಣುವ ತನಕ ಕಾಯಿ, 15 ಸೆಕೆಂಡ್ ದಾಟಿದರೆ ಬಿಡು" ಎಂದು ಬರೆದ ಮೇಲೆ ಟೆಸ್ಟುಗಳು ಒಂದು ಹದಕ್ಕೆ ಬಂದವು.

120 ಯಾಕೆ, 20 ಸಾಕು

ನಾವು ಟೆಸ್ಟ್ ಮಾಡಬೇಕಾದದ್ದು 5 ಫೋನ್, 4 ಆಂಡ್ರಾಯ್ಡ್ ಆವೃತ್ತಿ, 3 ಬಗೆಯ ನೆಟ್‌ವರ್ಕ್, 2 ಭಾಷೆ. ಎಲ್ಲವನ್ನೂ ಗುಣಿಸಿದರೆ 120 ಜೋಡಣೆ. ಫಾರ್ಮ್‌ನಲ್ಲಿ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುವಾಗ ಇದು ಜಾಸ್ತಿಯಾಯಿತು. ಆದರೆ ದೋಷಗಳು ಹೆಚ್ಚಾಗಿ ಯಾವುದೋ ಎರಡು ಅಂಶ ಕೂಡಿದಾಗ ಬರುತ್ತವೆ: ಈ ಫೋನ್ ಜೊತೆ ಈ ಆವೃತ್ತಿ, ಅಥವಾ ಈ ಆವೃತ್ತಿ ಜೊತೆ ಈ ಭಾಷೆ. ಪ್ರತಿ ಎರಡರ ಜೋಡಿಯೂ ಒಮ್ಮೆಯಾದರೂ ಬರುವಂತೆ ಆರಿಸಿಕೊಂಡರೆ 20 ಜೋಡಣೆಯಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೆ ಪೇರ್‌ವೈಸ್ ಟೆಸ್ಟಿಂಗ್ ಎನ್ನುತ್ತಾರೆ. ಕಾಗದದ ಮೇಲೆ ಫೋನಿಗೆ 5 ಅಡ್ಡ ಸಾಲು, ಆವೃತ್ತಿಗೆ 4 ಉದ್ದ ಸಾಲಿನ ಮನೆ ಬರೆದು, ಪ್ರತಿ ಮನೆಗೂ ಒಂದು ನೆಟ್‌ವರ್ಕ್, ಒಂದು ಭಾಷೆ ನೀವೇ ತುಂಬಿ ನೋಡಿ, ಮಜಾ ಇದೆ. (ಬ್ರೌಸರುಗಳನ್ನೂ ಲೆಕ್ಕಕ್ಕೆ ಸೇರಿಸುವುದಾದರೆ: ಭಾರತದಲ್ಲಿ ಐಫೋನಿನ ಕ್ರೋಮ್ ಒಳಗೆ ಓಡುವುದೂ ಸಫಾರಿಯ ವೆಬ್‌ಕಿಟ್ ಎಂಜಿನ್ನೇ, ಅಂದರೆ ಪುಟವನ್ನು ಪರದೆಗೆ ತರುವ ತಂತ್ರಾಂಶ. ಎರಡನ್ನೂ ಪೂರಾ ಬೇರೆ ಎಂದು ಲೆಕ್ಕ ಹಿಡಿಯಬೇಡಿ.)

ಹಸಿರು ಬಣ್ಣ ನಂಬಿ ಕೆಟ್ಟಿದ್ದು

ಕನ್ನಡದ ಆ್ಯಪ್ ಟೆಸ್ಟ್ ಮಾಡುವವರು ಇದನ್ನು ಎರಡು ಸಲ ಓದಿ. ನನ್ನ ಅಭ್ಯಾಸದ ಆ್ಯಪಿನಲ್ಲಿ "ರದ್ದುಮಾಡಿ" ಎಂಬ ಬಟನ್ ಇತ್ತು. ಎಲ್ಲ ಫೋನಿನಲ್ಲೂ ಟೆಸ್ಟ್ ಪಾಸ್, ಫಲಿತಾಂಶವೆಲ್ಲ ಹಸಿರು. ಸ್ಕ್ರೀನ್‌ಶಾಟ್ ತೆರೆದರೆ ಒಂದು ಫೋನಿನಲ್ಲಿ "ರದುಮಾಡಿ" ಎಂದಿದೆ! ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿಕೊಂಡು ಇಟ್ಟಿದ್ದೆ. ಕೆಳಗಿಳಿಯುವ ಒತ್ತಕ್ಷರ ಕತ್ತರಿಸಿ ಹೋಗಿತ್ತು. ಟೆಸ್ಟ್ ಪರದೆಯನ್ನು ಕಣ್ಣಿಂದ ನೋಡುವುದಿಲ್ಲ, ಒಳಗಿರುವ ಪಠ್ಯವನ್ನು ಕೇಳಿ ತಿಳಿಯುತ್ತದೆ. ಒಳಗೆ "ರದ್ದುಮಾಡಿ" ಸರಿಯಾಗೇ ಇತ್ತು. ಆ ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದಿತ್ತು ಎಂದು ಆಮೇಲೆ ಗೊತ್ತಾಯಿತು. ನಮ್ಮ ಅಪ್ಪ ಅಮ್ಮನ ಫೋನೆಲ್ಲ ಹಾಗೇ ತಾನೇ ಇರುವುದು? ಈಗ ಫಾಂಟ್ ಅಳತೆಯನ್ನು ಮಾಮೂಲಿನ 1.3 ಪಟ್ಟಿಗೆ ಏರಿಸಿ ಒಂದು ಸುತ್ತು ಓಡಿಸುತ್ತೇನೆ. ಸ್ಕ್ರೀನ್‌ಶಾಟನ್ನು ಕೂತು ನೋಡುತ್ತೇನೆ.

ಇದರ ತಿರುಗಮುರುಗ ಕೂಡ ಆಗುತ್ತದೆ: ಪರದೆ ಸರಿಯಿದೆ, ಟೆಸ್ಟ್ ಫೇಲ್. ಕಂಪ್ಯೂಟರು ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡಿನಲ್ಲಿ "ಕೊ" ಬರೆಯಲು ಎರಡು ದಾರಿ ಇದೆ. ಕ ಜೊತೆ ಒಕಾರದ ಗುರುತು ಒಂದೇ ಸಂಕೇತವಾಗಿ ಬರಬಹುದು. ಇಲ್ಲವೇ ಎಕಾರದ ಗುರುತು, ಊಕಾರದ ಗುರುತು ಎಂದು ಎರಡು ಸಂಕೇತಗಳಾಗಿ ಬರಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸುವ ಕೋಡಿಗೆ ಬೇರೆ ಬೇರೆ. "ಕೊನೆ"ಗೂ "ಕೊನೆ"ಗೂ ತಾಳೆಯಾಗಲಿಲ್ಲ ಎಂದು ಬಂದಾಗ ನಾನು ತಲೆ ಚಚ್ಚಿಕೊಂಡಿದ್ದೆ. ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಅಂದರೆ ಎರಡು ಸಂಕೇತದ್ದು ಒಂದೇ ಸಂಕೇತವಾಗಲಿ. ಪೈಥಾನಿನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ಒಂದೇ ಸಾಲು ಸಾಕು.

ದೂರದಿಂದ ಆಗದ್ದು

ಯುಪಿಐ ಆ್ಯಪಿನಲ್ಲಿ ಹೆಸರು ನೋಂದಾಯಿಸುವಾಗ ಫೋನಿನೊಳಗಿನ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಫಾರ್ಮ್‌ನ ಸಾಮಾನ್ಯ ಫೋನುಗಳಲ್ಲಿ ಸಿಮ್ ಇರುವುದೇ ಅಪರೂಪ. ಇದ್ದರೂ ಅದು ನಿಮ್ಮ ನಂಬರ್ ಅಲ್ಲ. ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪನ್ನು ಕೊಲ್ಲುವ ಫೋನಿನ ಚಾಳಿಯೂ ಅಲ್ಲಿ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಫೋನ್ ಯಾವಾಗಲೂ ಚಾರ್ಜಿನಲ್ಲೇ ಇರುತ್ತದಲ್ವಾ.

ಅದಕ್ಕೇ ಮನೆಯ ಹಳೆಯ ಫೋನೊಂದನ್ನು ಇಟ್ಟುಕೊಳ್ಳಿ. ಆಂಡ್ರಾಯ್ಡ್ 11 ಅಥವಾ ಆಮೇಲಿನದಾದರೆ ಡೆವಲಪರ್ ಆಯ್ಕೆಗಳಲ್ಲಿ ವೈರ್‌ಲೆಸ್ ಡೀಬಗಿಂಗ್ ಇರುತ್ತದೆ. 6 ಅಂಕಿಯ ಕೋಡ್ ಹಾಕಿದರೆ ಕೇಬಲ್ ಇಲ್ಲದೆ ಲ್ಯಾಪ್‌ಟಾಪಿಗೆ ಸೇರುತ್ತದೆ. ಅದರ ಪರದೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಲು ಸ್ಕ್ರ್‌ಸಿಪಿವೈ (scrcpy) ಎಂಬ ಉಚಿತ ಸಾಧನ ಇದೆ. ಆದರೆ ಫೋನನ್ನು ತಿಂಗಳುಗಟ್ಟಲೆ ಚಾರ್ಜರಿಗೆ ಸಿಕ್ಕಿಸಿಟ್ಟು ಮರೆಯಬೇಡಿ. ಬ್ಯಾಟರಿ ಉಬ್ಬಿ ಪರದೆ ಮೇಲೆದ್ದರೆ ಕೂಡಲೇ ಬಳಸುವುದನ್ನು ನಿಲ್ಲಿಸಿ, ಚುಚ್ಚಲು ಹೋಗಬೇಡಿ.